ನಿಗಮ ಮಂಡಳಿಯ ಇಂಗ್ಲಿಷ್ ಅನುವಾದ

ಮಾಚೇನಹಳ್ಳಿಯ ನಮ್ಮ ಫೌಂಡ್ರಿಯ ಮಾಲು ನೋಡಿ ಆರ್ಡರ್ ಕೊಡಲು ಕೆನಡಾದಿಂದ ಒಬ್ಬರು ಬಂದಿದ್ದರು. ಎರಡು ದೇಶಗಳಿಗೂ ಅಷ್ಟಕ್ಕಷ್ಟೆ ಇದ್ದ ಕಾಲ. ರಾಜಕೀಯ ಮಾತ್ರ ಎತ್ತಬೇಡಿ ಎಂದು ಮಾಲೀಕರು ಎಚ್ಚರಿಸಿದ್ದರು. ಇಂಗ್ಲಿಷ್ ಬರುತ್ತದೆಂದು ಅವರ ಜೊತೆ ನನ್ನನ್ನು ಬಿಟ್ಟಿದ್ದರು.

ಊಟಕ್ಕೆ ಕೂತಾಗ ಎರಕ ಹೊಯ್ಯುವ ಭದ್ರಾವತಿಯ ಮುರುಗೇಶಣ್ಣ ಎದುರಿಗೇ ಬಂದು ಕೂತರು. "ಅವರ ಕಡೆ ಎಲೆಕ್ಷನ್ ಹೆಂಗಾಯ್ತು ಕೇಳು ಮಾರಾಯ್ತಿ" ಎಂದರು. ಬೇಡವೆಂದು ನಾನು ಕಣ್ಸನ್ನೆ ಮಾಡಿದರೂ ಬಿಡಲಿಲ್ಲ. ಅಳುಕುತ್ತಲೇ ಕೇಳಿದೆ.

ಬೆಳಿಗ್ಗೆಯಿಂದ ಬಿಗಿದುಕೊಂಡಿದ್ದ ಅತಿಥಿಯ ಮುಖ ಸಡಿಲವಾಯಿತು. "ಬಹಳ ಚೆನ್ನಾಗಾಯ್ತು. ವಿರೋಧ ಪಕ್ಷದ ನಾಯಕರು ಸ್ವಂತ ಕ್ಷೇತ್ರದಲ್ಲೇ ಸೋತರು. ದೂರದಲ್ಲೆಲ್ಲೋ ಗೆದ್ದಿದ್ದ ಅವರ ಪಕ್ಷದವರೊಬ್ಬರು ರಾಜೀನಾಮೆ ಕೊಟ್ಟು ಜಾಗ ಮಾಡಿಕೊಟ್ಟರು. ಗೆದ್ದವರು ಮನೆಗೆ ಹೋದರು, ಸೋತವರು ಪಾರ್ಲಿಮೆಂಟಿಗೆ ಹೋದರು" ಎಂದರು.

ಮುರುಗೇಶಣ್ಣನಿಗೆ ನಿಜಕ್ಕೂ ಬೇಜಾರಾಯಿತು. "ಪಾಪ, ಜಾಗ ಬಿಟ್ಟೋರಿಗೆ ಯಾವುದಾದ್ರೂ ನಿಗಮ ಮಂಡಳಿ ಅಧ್ಯಕ್ಷಗಿರಿ ಕೊಟ್ರಂತಾ?"

ಅದನ್ನು ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ಬೆವತುಹೋದೆ. ಪಕ್ಷದಲ್ಲಿ ಮುನಿಸಿಕೊಂಡವರಿಗೆ ಸರ್ಕಾರ ಒಂದು ಕಚೇರಿ, ಒಂದು ಕಾರು, ಒಂದು ಕುರ್ಚಿ ಕೊಟ್ಟು ಸಮಾಧಾನ ಮಾಡುತ್ತದೆ ಎಂದೆ. ಅತಿಥಿ ಚಮಚ ಕೆಳಗಿಟ್ಟರು.

"ಅದಕ್ಕೂ ನಿಮ್ಮಲ್ಲಿ ವ್ಯವಸ್ಥೆ ಇದೆಯಾ?"

"ಇದೆ" ಎಂದೆ.

"ನಮ್ಮವರಿಗೆ ಇಷ್ಟು ತಲೆ ಓಡಲ್ಲ" ಎಂದು ಜೋರಾಗಿ ನಕ್ಕರು.

ಸಂಜೆಯೊಳಗೆ ನಮ್ಮ ಮಾಲು ಒಂದೂ ತಿರಸ್ಕೃತವಾಗದೆ ಪಾಸಾಯಿತು, ಆರ್ಡರೂ ಸಿಕ್ಕಿತು. ಆ ಹೆಮ್ಮೆ ಮುರುಗೇಶಣ್ಣನಂಥವರಿಗೆ ಸೇರಿದ್ದು. ನಾನು "ಇದೆ" ಎಂದ ಗತ್ತನ್ನು ಕೇಳಿದ್ದವರು ಮಾತ್ರ ನಾನೇ ಯಾವುದೋ ನಿಗಮದ ಅಧ್ಯಕ್ಷೆ ಅಂದುಕೊಂಡಿರಬೇಕು.