ಹಾಜರಿ ಪುಸ್ತಕದಲ್ಲಿ ರತ್ನಮ್ಮನ ಸಹಿ

ರತ್ನಮ್ಮನ ಸಹಿ ಹಾಕಿದವನು ನಾನು. ಆ ಸಹಿಯಿದ್ದ ಪುಸ್ತಕವನ್ನು ಬಚ್ಚಿಟ್ಟವನೂ ನಾನೇ. ಪುಸ್ತಕ ಎಲ್ಲಿದೆ ಎಂದು ವಿಚಾರಣೆಯಲ್ಲಿ ಕೇಳಿದಾಗ, ರತ್ನಮ್ಮ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿರುವಾಗ, "ಗೊತ್ತಿಲ್ಲ ಸಾರ್" ಎಂದವನೂ ನಾನೇ.

ಇಷ್ಟು ಬರೆಯುವುದಕ್ಕೆ ಏಳು ವರ್ಷ ಬೇಕಾಯಿತು. ಬರೆಯುತ್ತಿರುವಾಗಲೂ ಬಾಗಿಲ ಕಡೆ ಎರಡು ಸಲ ನೋಡಿದೆ — ಯಾರೂ ಬಂದಿರಲಿಲ್ಲ.

ನಾನು ದಕ್ಷಿಣ ಬೆಂಗಳೂರಿನ ಒಂದು ವಾರ್ಡ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕಡತ ಜೋಡಿಸುವುದು, ನೋಟಿಸ್ ಬೋರ್ಡಿಗೆ ಕಾಗದ ಅಂಟಿಸುವುದು, ತಿಂಗಳಿಗೊಮ್ಮೆ ನಡೆಯುವ ವಾರ್ಡ್ ಸಮಿತಿ ಸಭೆಯ ನಡಾವಳಿ ಬರೆಯುವುದು ನನ್ನ ಕೆಲಸ. ಆ ಸಭೆಗೆ ಯಾರು ಬೇಕಾದರೂ ಬಂದು ಕೂರಬಹುದು. ಮೊದಲೇ ನೋಟಿಸ್ ಹಾಕಬೇಕು, ಬಂದ ಸದಸ್ಯರಿಂದ ಹಾಜರಿ ಪುಸ್ತಕದಲ್ಲಿ ಸಹಿ ಪಡೆಯಬೇಕು, ಆದ ತೀರ್ಮಾನವನ್ನು ಅದೇ ಪುಸ್ತಕದಲ್ಲಿ ಬರೆಯಬೇಕು, ಯಾರಾದರೂ ಕೇಳಿದರೆ ತೋರಿಸಬೇಕು. ನಿಯಮ ಅಷ್ಟೇ. ಅದನ್ನು ನಮ್ಮ ಕಚೇರಿಯಲ್ಲಿ ನನಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ.

ರತ್ನಮ್ಮ ಆ ಸಮಿತಿಯ ಸದಸ್ಯೆ. ಸುಬ್ರಹ್ಮಣ್ಯಪುರದ ಕಡೆಯ ಒಂದು ಹಳೇ ಕಾಲೊನಿಯವರು, ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಓದು ಕಲಿತದ್ದು ಮದುವೆಯಾದ ಮೇಲೆ, ಬುದ್ಧವಿಹಾರದಲ್ಲಿ ನಡೆಯುತ್ತಿದ್ದ ಸಂಜೆ ಪಾಠದಲ್ಲಿ. ಅದಕ್ಕೇ ಇರಬೇಕು, ಅಕ್ಷರ ಕಂಡರೆ ಅವರಿಗೆ ಬಹಳ ಮರ್ಯಾದೆ. ಬೇರೆ ಸದಸ್ಯರು ಮೊಬೈಲ್ ನೋಡುತ್ತಲೇ ಸಹಿ ಗೀಚಿ ಎದ್ದುಹೋಗುತ್ತಿದ್ದರು. ಈಕೆ ಮಾತ್ರ ಪುಸ್ತಕ ತನ್ನ ಕಡೆ ತಿರುಗಿಸಿಕೊಂಡು, ಬೆರಳಿಟ್ಟು ಓದಿ, "ಇದೇನ್ ಬರ್ದಿದ್ದೀರಾ ಸಾರ್? ನಾವು ಮಾತಾಡಿದ್ದು ಹಿಂಗಲ್ವಲ್ಲ" ಎನ್ನುತ್ತಿದ್ದರು. ನಾನು ತಿದ್ದಿದ ಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರವನ್ನು ದುಂಡಗೆ ಬರೆದು ಕೆಳಗೊಂದು ಗೆರೆ ಎಳೆಯುತ್ತಿದ್ದರು. ಪ್ರತಿ ತಿಂಗಳೂ ಅದನ್ನು ನೋಡುತ್ತಾ ನಿಂತಿರುತ್ತಿದ್ದೆ. ಹಾಗೆ ನೋಡಿ ನೋಡಿಯೇ ನನಗೆ ಆ ಸಹಿ ಕೈಗೆ ಬಂತು.

ಅವರ ಕಾಲೊನಿಯ ಕೊನೆಯಲ್ಲಿ ಒಂದು ಅಂಗನವಾಡಿ ಇತ್ತು. ಅದರ ಹಿಂದಿನ ಜಾಗದಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಏಳುವುದಿತ್ತು. ಅದಕ್ಕೆ ಅಗಲವಾದ ರಸ್ತೆ ಬೇಕು, ರಸ್ತೆ ಅಗಲವಾಗಬೇಕಾದರೆ ಅಂಗನವಾಡಿ ಹೋಗಬೇಕು. ಸಭೆಯಲ್ಲಿಟ್ಟರೆ ರತ್ನಮ್ಮ ಒಪ್ಪುವುದಿಲ್ಲ, ಕಾಲೊನಿಯ ಹೆಂಗಸರೆಲ್ಲ ಬಂದು ಕೂರುತ್ತಾರೆ — ಇದು ನಮ್ಮ ಇಂಜಿನಿಯರಿಗೆ ಗೊತ್ತಿತ್ತು. ಆ ತಿಂಗಳು ನೋಟಿಸ್ ಹಾಕುವುದು ಬೇಡ ಎಂದರು. ಹಾಕಲಿಲ್ಲ. ಸಭೆಯೂ ನಡೆಯಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಒಳಗೆ ಕರೆದು ಪುಸ್ತಕವನ್ನು ಮೇಜಿನ ಮೇಲಿಟ್ಟರು.

"ಸಭೆ ಆಯ್ತು ಅಂತ ಬರೀರಿ. ಕಟ್ಟಡ ಶಿಥಿಲವಾಗಿದೆ, ತೆಗೀಬೇಕು ಅಂತ ಎಲ್ರೂ ಒಪ್ಪಿದ್ರು ಅಂತ. ಉಳಿದೋರ ಸೈನ್ ನಾನು ತಗೋತೀನಿ. ಆಯಮ್ಮಂದು ನೀವೇ ಹಾಕಿ."

"ಸಾರ್, ಅವ್ರು..."

"ಹಾಕ್ರಿ. ಯಾರ್ ಬಂದು ನೋಡ್ತಾರೆ?"

ಹಾಕಿದೆ. ಅವರು ನನ್ನನ್ನು ಹೆದರಿಸಲಿಲ್ಲ, ಆಮಿಷವನ್ನೂ ತೋರಿಸಲಿಲ್ಲ. ಒಂದು ಸಲ 'ಆಗಲ್ಲ' ಎಂದಿದ್ದರೆ ಏನಾಗುತ್ತಿತ್ತು? ಹೆಚ್ಚೆಂದರೆ ದೂರದ ಕಚೇರಿಗೆ ವರ್ಗ. ಆದರೆ ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ಪೆನ್ನು ತೆಗೆದುಕೊಂಡು ಆಕೆಯ ಹಾಗೆಯೇ ನಿಧಾನವಾಗಿ, ದುಂಡಗೆ — ಕೆಳಗಿನ ಗೆರೆಯನ್ನೂ ಮರೆಯಲಿಲ್ಲ.

ಮುಂದಿನ ತಿಂಗಳು ಜೆಸಿಬಿ ಬಂತು. ಕಾಲೊನಿಯವರು ಅಡ್ಡ ನಿಂತಾಗ ಕಂಟ್ರಾಕ್ಟರ್ ನಡಾವಳಿಯ ನಕಲನ್ನು ಅಂಗನವಾಡಿ ಗೋಡೆಗೇ ಅಂಟಿಸಿದನಂತೆ. ನಿಮ್ಮ ರತ್ನಮ್ಮನೇ ಒಪ್ಪಿ ಸಹಿ ಹಾಕಿದ್ದಾರೆ, ನೋಡಿಕೊಳ್ಳಿ ಎಂದನಂತೆ. ಸಂಜೆಯ ಹೊತ್ತಿಗೆ ಅಲ್ಲಿ ಗೋಡೆ ಇರಲಿಲ್ಲ.

ಮರುದಿನ ರತ್ನಮ್ಮ ಕಚೇರಿಗೆ ಬಂದರು. ಆ ನಕಲಿನ ಹರಿದ ತುಂಡೊಂದು ಕೈಯಲ್ಲಿತ್ತು.

"ಸಾರ್, ಇದು ನನ್ ಸೈನ್ ಅಲ್ಲ. ಅವತ್ತು ಸಭೆನೇ ಆಗಿಲ್ಲ. ಪುಸ್ತಕ ಕೊಡಿ, ನೋಡ್ತೀನಿ."

ಪುಸ್ತಕ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ನನ್ನ ಮೊಣಕಾಲಿಗೆ ತಗುಲುತ್ತಿತ್ತು. "ಸಾಹೇಬ್ರ ಹತ್ರ ಇದೆ ಅಮ್ಮ, ಸೋಮವಾರ ಬನ್ನಿ" ಎಂದೆ. ಸೋಮವಾರ ಬಂದರು. ಬುಧವಾರ ಬನ್ನಿ ಎಂದೆ. ಬುಧವಾರ ಅವರು ಪುಸ್ತಕ ಕೇಳಲಿಲ್ಲ, ಮಾಹಿತಿ ಹಕ್ಕಿನ ಅರ್ಜಿ ಕೊಟ್ಟರು. ಸ್ವಂತ ಕೈಯಲ್ಲಿ ಬರೆದದ್ದು. ಆ ದುಂಡಗಿನ ಅಕ್ಷರ ಕಂಡಾಗಲೇ ನನಗೆ ಹೊಳೆಯಿತು: ಪುಸ್ತಕವನ್ನು ಈ ಅರ್ಜಿಯ ಪಕ್ಕದಲ್ಲಿಟ್ಟು ಬಲ್ಲವರು ಯಾರಾದರೂ ನೋಡಿದರೆ ಮುಗಿಯಿತು — ಸಿಕ್ಕಿಬೀಳುವವನು ನಾನು.

ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಇಪ್ಪತ್ತೆಂಟನೆಯ ದಿನ ಇಂಜಿನಿಯರು ಹೇಳಿದರು: "ಕಡತ ಲಭ್ಯವಿಲ್ಲ ಅಂತ ಟೈಪ್ ಮಾಡಿಸ್ರಿ. ಪುಸ್ತಕ ಇಲ್ಲಿರೋದು ಬೇಡ. ಏನಾದ್ರೂ ಮಾಡಿ." ಏನು ಮಾಡಬೇಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಟಿಫಿನ್ ಬ್ಯಾಗಿನ ಅಡಿಯಲ್ಲಿಟ್ಟುಕೊಂಡು ಹೊರಟೆ. ಚಿಕ್ಕಲಸಂದ್ರದ ನಮ್ಮ ಮನೆಗೆ ಅರ್ಧ ಗಂಟೆಯ ದಾರಿ. ಬಸ್ಸಿನಲ್ಲಿ ಕಂಡಕ್ಟರ್ "ಸಾರ್, ಬ್ಯಾಗ್ ಕೆಳಗಿಡಿ, ಜನ ನಿಂತವ್ರೆ" ಎಂದದ್ದಕ್ಕೇ ನನ್ನ ಬೆನ್ನು ಬೆವರಿತು. ಇಳಿಯುವಾಗ ಸಿಗ್ನಲ್ ಹತ್ತಿರ ನಿಂತಿದ್ದ ಪೊಲೀಸಿನವನು ನನ್ನ ಕಡೆ ನೋಡಿದ ಹಾಗಾಯಿತು. ಅವನು ನೋಡಿದ್ದು ನನ್ನ ಹಿಂದಿನ ಸ್ಕೂಟರನ್ನು.

ಮನೆಯ ಸಜ್ಜದ ಮೇಲೆ, ಕೆಟ್ಟ ಮಿಕ್ಸಿಯ ಡಬ್ಬದೊಳಗೆ ಪುಸ್ತಕ ಇಟ್ಟೆ. ಯಾಕೆ ಸುಡಲಿಲ್ಲ? ಮನಸ್ಸಾಕ್ಷಿ ಅಡ್ಡ ಬಂತು ಎಂದು ಹೇಳುವ ಆಸೆ ನನಗೂ ಇದೆ. ಅದು ಸುಳ್ಳು. ಅದೇ ಪುಟದ ಕೆಳಗೆ ಇಂಜಿನಿಯರ ಸಹಿಯೂ ಇತ್ತು. ನಾಳೆ ಎಲ್ಲವನ್ನೂ ನನ್ನೊಬ್ಬನ ತಲೆಗೆ ಕಟ್ಟಿದರೆ ತೋರಿಸಲು ಇರಲಿ ಎಂದು ಇಟ್ಟುಕೊಂಡೆ.

ರತ್ನಮ್ಮ ಮೇಲ್ಮನವಿ ಹಾಕಿದರು. ವಿಚಾರಣೆಯ ದಿನ ತೊಳೆದು ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ಒಬ್ಬರೇ ಬಂದಿದ್ದರು. ಜೊತೆಗೆ ಬರಲು ಕಾಲೊನಿಯಿಂದ ಯಾರೂ ಒಪ್ಪಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಮೇಲಧಿಕಾರಿ ನನ್ನನ್ನು ಕೇಳಿದರು: "ಪುಸ್ತಕ ನಿಮ್ಮ ಸುಪರ್ದಿಯಲ್ಲಿತ್ತಾ?"

"ಗೊತ್ತಿಲ್ಲ ಸಾರ್. ಕಚೇರಿ ಶಿಫ್ಟ್ ಆದಾಗ ಎಲ್ಲೋ..."

ರತ್ನಮ್ಮ ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. "ಸಾರ್, ತಿಂಗ್ಳು ತಿಂಗ್ಳೂ ಪುಸ್ತಕ ಕೊಟ್ಟು ಸೈನ್ ಹಾಕುಸ್ಕೊಂಡಿದ್ದು ನೀವೇ ಅಲ್ವಾ?"

ಮೇಲ್ಮನವಿ ವಜಾ ಆಯಿತು.

ಆಮೇಲೆ ಏನಾಯಿತೆಂದು ತುಣುಕು ತುಣುಕಾಗಿ ನನ್ನ ಕಿವಿಗೆ ಬೀಳುತ್ತಿತ್ತು. ಕಾಲೊನಿಯ ಮಕ್ಕಳು ಮೇನ್ ರೋಡ್ ದಾಟಿ ಬೇರೆ ಅಂಗನವಾಡಿಗೆ ಹೋಗಬೇಕಾಯಿತು. ತಾಯಂದಿರು ಕೂಲಿ ಬಿಟ್ಟು ಮಕ್ಕಳನ್ನು ದಾಟಿಸುತ್ತಿದ್ದರು. ಅಪಾರ್ಟ್‌ಮೆಂಟಿನವರಿಂದ ಏನು ಸಿಕ್ಕಿತು ಎಂದು ನಲ್ಲಿಯ ಹತ್ತಿರ ರತ್ನಮ್ಮನ ಮುಖಕ್ಕೇ ಕೇಳಿದರಂತೆ. ಪಕ್ಕದ ಮನೆಯ ಗೌರಮ್ಮ, ಅವರ ಜೊತೆ ಅದೇ ಸಂಜೆ ಪಾಠದಲ್ಲಿ ಅಕ್ಷರ ಕಲಿತಾಕೆ, ಮಾತು ಬಿಟ್ಟರಂತೆ. ಮಗಳ ಸೀಮಂತಕ್ಕೆ ಬೀದಿಯಿಂದ ಒಬ್ಬರೂ ಬರಲಿಲ್ಲವಂತೆ. ರತ್ನಮ್ಮ ಸಮಿತಿ ಬಿಟ್ಟರು, ಮತ್ತೊಂದು ವರ್ಷಕ್ಕೆ ಕಾಲೊನಿಯನ್ನೂ ಬಿಟ್ಟು ಗೊಟ್ಟಿಗೆರೆಯಲ್ಲಿದ್ದ ಮಗಳ ಮನೆಗೆ ಹೋದರು. ಆ ಸಹಿ ಆಕೆಯದಲ್ಲ ಎಂದು ತೋರಿಸಬಲ್ಲ ಒಂದೇ ಒಂದು ವಸ್ತು ನನ್ನ ಮನೆಯಲ್ಲಿತ್ತು.

ನಾನು ಹೆದರಿಕೊಂಡೇ ಬದುಕಿದೆ. ಪೋಸ್ಟ್‌ಮ್ಯಾನ್ ರಿಜಿಸ್ಟರ್ಡ್ ಕಾಗದ ಎಂದರೆ ನಾಲಿಗೆ ಒಣಗುತ್ತಿತ್ತು. ಒಂದು ಯುಗಾದಿಗೆ ಹೆಂಡತಿ ಸುಮಿತ್ರಾ ಸಜ್ಜ ಗುಡಿಸಲು ಏಣಿ ಹತ್ತಿದಾಗ "ಇಳಿಯೇ ಕೆಳಗೆ!" ಎಂದು ಕಿರುಚಿದ್ದೆ. ಮದುವೆಯಾದ ಮೇಲೆ ನಾನು ಅವಳ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅವಳು ಪೊರಕೆ ಹಿಡಿದೇ ಏಣಿ ಇಳಿದಳು. ಆ ದಿನದಿಂದ ಅವಳೂ ನನ್ನನ್ನು ಕಂಡು ಸ್ವಲ್ಪ ಹೆದರುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ಇಂಜಿನಿಯರು ವರ್ಗವಾಗಿ ಹೋದರು, ಆಮೇಲೆ ತೀರಿಕೊಂಡರು. ನಾನು ನಿವೃತ್ತನಾದೆ. ಹೆದರಿಕೆ ಮಾತ್ರ ನಿವೃತ್ತಿಯಾಗಲಿಲ್ಲ. ಈಗ ಅದನ್ನು ಹಂಚಿಕೊಳ್ಳುವವರೂ ಉಳಿದಿರಲಿಲ್ಲ.

ಕಳೆದ ತಿಂಗಳು ಜಯನಗರ ಕಾಂಪ್ಲೆಕ್ಸ್ ಹತ್ತಿರ ಬಸ್ಸಿಗೆ ನಿಂತಿದ್ದೆ. ಹಿಂದಿನಿಂದ ಯಾರೋ "ಚೆನ್ನಾಗಿದ್ದೀರಾ ಸಾರ್?" ಎಂದರು. ರತ್ನಮ್ಮ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಓಡಿಬಿಡೋಣ ಅನ್ನಿಸಿತು, ಆದರೂ ನಿಂತೆ.

ಅವರೇ ಮಾತಾಡಿದರು. ಗೌರಮ್ಮನ ಗಂಡ ತೀರಿಹೋದಾಗ ಕಾಲೊನಿಗೆ ಹೋಗಿದ್ದರಂತೆ, ಬೀದಿಯ ತುದಿಯಲ್ಲೇ ನಿಂತು ನೋಡಿ ವಾಪಸು ಬಂದರಂತೆ. ಆಮೇಲೆ ನನ್ನ ಮುಖ ನೋಡಿ ಹೇಳಿದರು: "ನಿಮ್ ಮೇಲೆ ನಂಗೇನಿಲ್ಲ ಸಾರ್. ದೊಡ್ಡೋರು ಮಾಡಿದ್ದಕ್ಕೆ ನೀವೇನ್ ಮಾಡ್ತೀರಾ? ಆ ಪುಸ್ತಕ ಇದ್ದಿದ್ರೆ ನೀವೇ ತೋರುಸ್ತಿದ್ರಿ ಅಂತ ನಮ್ ಮಗಳಿಗೂ ಹೇಳಿದೀನಿ."

ಬಸ್ಸು ಬಂತು, ಅವರು ಹತ್ತಿದರು. ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಮನೆಗೆ ಬಂದು ಸುಮಿತ್ರಾಗೆ ಎಲ್ಲ ಹೇಳಿದೆ. ಅವಳು ಏಣಿ ತಂದು ಗೋಡೆಗೆ ಒರಗಿಸಿ, "ನೀವೇ ಹತ್ತಿ ತೆಗೀರಿ. ನಾನು ಮುಟ್ಟಲ್ಲ" ಎಂದಳು.

ಮರುದಿನ ವಿಳಾಸ ವಿಚಾರಿಸಿಕೊಂಡು ಗೊಟ್ಟಿಗೆರೆಗೆ ಹೋದೆ. ಬಾಗಿಲು ತೆರೆದ ರತ್ನಮ್ಮ ನನ್ನ ಕೈಯಲ್ಲಿದ್ದದ್ದು ಏನೆಂದು ಕೂಡಲೇ ಗುರುತು ಹಿಡಿದರು. ಕೂರಿ ಎನ್ನಲಿಲ್ಲ. ಪುಟ ತೆರೆದು, ಬೆರಳಿಟ್ಟು, ಮೊದಲಿನಿಂದ ಕೊನೆಯವರೆಗೆ ಓದಿದರು.

"ಯಾರು ಹಾಕಿದ್ದು ಇದು?"

"ನಾನಮ್ಮ."

"ನೀವಾ?"

"ನಾನೇ."

ಅವರ ಬೆರಳು ಅಲ್ಲೇ ನಿಂತಿತು. ಆಮೇಲೆ ಪುಸ್ತಕ ಮುಚ್ಚಿ ನನ್ನ ಕೈಗೇ ಕೊಟ್ಟರು. "ನಂಗ್ಯಾಕೆ ತೋರುಸ್ತೀರಾ? ನಾನು ಹಾಕಿಲ್ಲ ಅಂತ ನಂಗೆ ಗೊತ್ತು. ಬೀದಿಯೋರ್ ಮುಂದೆ ಹೇಳಿ."

ಹೇಳಿದೆ. ಅದರ ಮುಂದಿನ ಭಾನುವಾರ, ಕಾಲೊನಿಯ ಬುದ್ಧವಿಹಾರದ ಮುಂದೆ, ಬೆಳಗ್ಗೆ ಹತ್ತು ಗಂಟೆಗೆ. ಐವತ್ತು ಅರವತ್ತು ಜನ ಸೇರಿದ್ದರು, ರತ್ನಮ್ಮನೂ ಮಗಳ ಜೊತೆ ಬಂದಿದ್ದರು. ಹೊಡೆಯುತ್ತಾರೆ ಎಂದುಕೊಂಡೇ ಹೋಗಿದ್ದೆ, ಸುಮಿತ್ರಾಳನ್ನು ಮನೆಯಲ್ಲೇ ಬಿಟ್ಟಿದ್ದೆ. ಸಭೆ ನಡೆದಿರಲಿಲ್ಲ, ಸಹಿ ನನ್ನದು, ಪುಸ್ತಕ ಬಚ್ಚಿಟ್ಟವನು ನಾನು, ವಿಚಾರಣೆಯಲ್ಲಿ ಸುಳ್ಳು ಹೇಳಿದವನು ನಾನು — ಇಷ್ಟನ್ನೇ ಹೇಳಿದೆ. ಪುಸ್ತಕ ಕೈಯಿಂದ ಕೈಗೆ ಹೋಯಿತು. ಒಬ್ಬ ಯುವಕ "ಥೂ" ಎಂದು ನನ್ನ ಕಾಲ ಬಳಿ ಉಗಿದ. ಉಳಿದವರು ನನ್ನನ್ನು ಮರೆತು ರತ್ನಮ್ಮನ ಕಡೆ ನೋಡುತ್ತಿದ್ದರು.

ಗೌರಮ್ಮ ಎದ್ದು ಹೋಗಿ ಅವರ ಕೈ ಹಿಡಿದುಕೊಂಡು ಅಳತೊಡಗಿದರು. "ನನ್ನ ಬಾಯಿಗೆ ಮಣ್ಣಾಕ, ಏನೇನೋ ಅಂದ್ಬಿಟ್ಟೆ ಕಣಕ್ಕಾ..."

ರತ್ನಮ್ಮ ಕೈ ಬಿಡಿಸಿಕೊಂಡರು. ಸಿಟ್ಟಿನಿಂದ ಕೊಡವಲಿಲ್ಲ, ಮೆಲ್ಲಗೆ ಬಿಡಿಸಿಕೊಂಡರು. "ಹಾಕಿಲ್ಲ ಅಂತ ಅವತ್ತೇ ಹೇಳಿದ್ನಲ್ಲ ಗೌರಿ" ಎಂದಷ್ಟೇ ಹೇಳಿ, ಚಪ್ಪಲಿ ಮೆಟ್ಟಿಕೊಂಡು, ಮಗಳ ಜೊತೆ ಬಸ್ ಸ್ಟಾಪಿನ ಕಡೆ ನಡೆದರು. ನನ್ನತ್ತ ತಿರುಗಿಯೂ ನೋಡಲಿಲ್ಲ. ಸತ್ಯ ಗೊತ್ತಾದರೆ ಅವರು ಮತ್ತೆ ಆ ಬೀದಿಯವರಾಗುತ್ತಾರೆ ಎಂದು ನಾನು ಎಣಿಸಿದ್ದೆ. ಹಾಗೆ ಎಣಿಸುವುದಕ್ಕಾದರೂ ನನಗೇನು ಹಕ್ಕಿತ್ತು...

ಕಾಲೊನಿಯವರು ದೂರು ಕೊಟ್ಟಿದ್ದಾರೆ, ಪುಸ್ತಕ ಈಗ ಪೊಲೀಸರ ಬಳಿ ಇದೆ. ನಾಳಿದ್ದು ಠಾಣೆಗೆ ಬರಲು ಹೇಳಿದ್ದಾರೆ. ತೀರಿಕೊಂಡವರ ಮೇಲೆ ಎಲ್ಲ ಹೊರಿಸಿದರೆ ಬಚಾವಾಗಬಹುದು ಎಂದು ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ ಹೇಳಿದರು. ಬೇಡ ಎಂದೆ. ಜೈಲೆಂದರೆ ಹೇಗಿರುತ್ತದೋ, ಸುಮಿತ್ರಾ ಒಬ್ಬಳೇ ಹೇಗಿರುತ್ತಾಳೋ, ನನಗೆ ತಿಳಿಯದು. ಭಯವಾಗುತ್ತಿದೆ. ಆದರೂ ಹೋಗುತ್ತೇನೆ. ಅವರು ಕೇಳಿದ್ದಕ್ಕೆಲ್ಲ ಹೌದು, ಮಾಡಿದವನು ನಾನೇ ಎನ್ನುತ್ತೇನೆ.