ಹಗುರಾದ ಕ್ಲಚ್

ಹಳೆ ಬೈಕು ಮಾರುವ ಆ ಅಂಗಳದಲ್ಲಿ ಅವಳನ್ನು ಎಲ್ಲರೂ ಗುಜರಿ ಅಕ್ಕ ಎನ್ನುತ್ತಿದ್ದರು. ಎದುರಿಗೆ ಬರೀ ಅಕ್ಕ. ಗುಜರಿ ಎನ್ನುವುದು ಬೆನ್ನ ಹಿಂದಿನ ಬಿರುದು. ಅದು ಕಿವಿಗೆ ಬಿದ್ದರೂ ಅವಳು ಕೋಪಿಸಿಕೊಳ್ಳುತ್ತಿರಲಿಲ್ಲ, ತಿದ್ದುತ್ತಿದ್ದಳು. "ಗುಜರಿ ಅಂದ್ರೆ ತೂಕಕ್ಕೆ ಹಾಕೋದು ಕಣಯ್ಯ. ನಂದು ದಲ್ಲಾಳಿ ಕೆಲಸ. ಒಂದು ಮನೆ ಬಿಟ್ಟು ಬಂದಿದ್ದಕ್ಕೆ ಇನ್ನೊಂದು ಮನೆ ಹುಡುಕಿಕೊಡೋದು."

ಆ ಕೆಲಸದ ಒಳಹೊರಗೆಲ್ಲ ಅವಳಿಗೆ ಅಂಗೈ ಗೆರೆಯಷ್ಟು ಪರಿಚಯ. ಸೀಟು ಹರಿದಿದ್ದರೆ ಹೊಸ ಹೊದಿಕೆ, ತುಕ್ಕಿಗೆ ಕಪ್ಪು ಬಣ್ಣ, ಟ್ಯಾಂಕು ತಗ್ಗಾಗಿದ್ದರೆ ಅದರ ಮೇಲೊಂದು ಹುಲಿಯ ಸ್ಟಿಕ್ಕರ್. ಇದೆಲ್ಲ ಸುಳ್ಳಲ್ಲ, ಶೃಂಗಾರ ಎನ್ನುವುದು ಅವಳ ವಾದ. ಓಡಿದ ದೂರ ತೋರಿಸುವ ಮೀಟರನ್ನು ಮಾತ್ರ ಅವಳು ಯಾವತ್ತೂ ಹಿಂದಕ್ಕೆ ತಿರುಗಿಸಿದವಳಲ್ಲ. "ಪೌಡರ್ ಹಚ್ಚಬಹುದು, ವಯಸ್ಸು ಸುಳ್ಳು ಹೇಳಬಾರದು" ಎನ್ನುತ್ತಿದ್ದಳು. ಆ ಒಂದು ನಿಯಮದಿಂದಾಗಿ ಅವಳಿಗೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು, ಗಿರಾಕಿಗಳೂ ಮತ್ತೆ ಮತ್ತೆ ಬರುತ್ತಿದ್ದರು.

ಅಂಗಳದ ಮೇಲಿನ ಎರಡು ಕೋಣೆಗಳಲ್ಲಿ ಅವಳೂ ಅವಳ ತಮ್ಮನೂ ಇದ್ದರು. ಅಮ್ಮ ತೀರಿಕೊಂಡಾಗ ಅವನಿನ್ನೂ ತೆವಳುವ ಕೂಸು. ಬೇರೆ ಮಕ್ಕಳು ಗೋಡೆ ಹಿಡಿದು ನಡೆಯಲು ಕಲಿತರೆ ಇವನು ಸಾಲಾಗಿ ನಿಂತ ಬೈಕುಗಳ ಚಕ್ರ ಹಿಡಿದು ಕಲಿತ. ಅವನಿಗೆ ಅವಳು ಅಕ್ಕನೋ ಅಮ್ಮನೋ ಎಂದು ಯಾರಾದರೂ ಕೇಳಿದರೆ, "ದಿನ ನೋಡಿಕೊಂಡು ಹೇಳ್ಬೇಕು. ಬೈಯೋ ದಿನ ಅಮ್ಮ, ದುಡ್ಡು ಕೊಡೋ ದಿನ ಅಕ್ಕ" ಎನ್ನುತ್ತಿದ್ದ.

ಅವನದು ನೀರು ಸರಬರಾಜಿನ ಕಚೇರಿಯಲ್ಲಿ ಕೊಳವೆ ಕಾಯುವ ಕೆಲಸ. ಬೆಟ್ಟದ ಮೇಲಿನ ಕೆರೆಯಿಂದ ಕೆಳಗಿನ ಪಟ್ಟಣಕ್ಕೆ ಇಳಿದು ಬರುವ ದೊಡ್ಡ ಕೊಳವೆಯ ಪಕ್ಕದಲ್ಲೇ ಬೈಕಿನಲ್ಲಿ ಹೋಗಿ, ಎಲ್ಲಿ ಸೋರುತ್ತಿದೆ ನೋಡಿ, ಉದ್ದನೆಯ ಕಬ್ಬಿಣದ ಕೀ ಹಾಕಿ ವಾಲ್ವ್ ತೆರೆಯುವುದು, ಮುಚ್ಚುವುದು. ಅರ್ಧ ದಾರಿ ಡಾಂಬರು, ಉಳಿದರ್ಧ ಕಲ್ಲು, ಮಣ್ಣು, ಕೊರಕಲು. ಮೇಲೆ ಕೆರೆ ದಡದಲ್ಲಿ ಒಬ್ಬನೇ ಕೂತು ಬುತ್ತಿ ಬಿಚ್ಚುವುದೇ ಅವನಿಗೆ ಸಂಬಳಕ್ಕಿಂತ ದೊಡ್ಡ ಸಂಬಳ.

ಮೊದಲು ಹೋಗಿದ್ದು ಎಡಗೈ ಹೆಬ್ಬೆರಳಿನ ಬುಡದ ಮಾಂಸ. ಅಲ್ಲಿ ಯಾರೋ ಚಮಚದಿಂದ ತೆಗೆದುಕೊಂಡ ಹಾಗೆ ಒಂದು ಗುಳಿ ಬಿತ್ತು. ಅಂಗಿಯ ಗುಂಡಿ ಹಾಕುವುದಕ್ಕೆ ಒದ್ದಾಡುವುದನ್ನು ಅಕ್ಕ ನೋಡಿದಳು. ಡಾಕ್ಟರು ಸೂಜಿ ಚುಚ್ಚಿ, ತಂತಿ ಹಚ್ಚಿ, ನರ ಒಣಗುತ್ತಿದೆ ಎಂದರು. ಔಷಧಿಯಿಂದ ವಾಸಿಯಾಗುವುದಲ್ಲ, ನಿಧಾನವಾಗಿ ತೋಳಿನ ಮೇಲಕ್ಕೆ ಹಬ್ಬುತ್ತದೆ, ಎಷ್ಟು ನಿಧಾನ ಎಂದು ಹೇಳಲಾಗದು. ಕೈಯಲ್ಲಿ ಶಕ್ತಿ ಇರುವತನಕ ಕೆಲಸ ಮಾಡಲಿ, ಇಲ್ಲದ ದಿನ ಬೈಕು ಹತ್ತುವುದನ್ನು ನಿಲ್ಲಿಸಲಿ.

ಅದೇ ಹೊತ್ತಿಗೆ ಅವನ ಹಳೆ ಬೈಕಿನ ಎಂಜಿನ್ ಕೈಕೊಟ್ಟಿತು. "ಇನ್ನೊಂದು ತಗೊಳ್ಳೋದಾ, ಇಲ್ಲ ಇಲ್ಲಿಗೇ ಸಾಕಾ?" ಎಂದು ಅವಳು ಕೇಳಿದಳು. ಅವನು ಕಿಟಕಿಯಿಂದ ಬೆಟ್ಟ ನೋಡಿದ. "ತಗೊಳ್ಳೋಣ ಕಣಕ್ಕ. ಒಳ್ಳೇದು ನೋಡಿ ತಗೊಳ್ಳೋಣ."

ಡಾಂಬರಿಗೂ ಮಣ್ಣಿಗೂ ಒಗ್ಗುವ ಎತ್ತರದ ಬೈಕು ಬೇಕಿತ್ತು. ಅಂಥದ್ದು ಹುಡುಕುವುದು ಸುಲಭವಲ್ಲ; ಮಾರುವವರೆಲ್ಲ ಒಂದೋ ಅದನ್ನು ಮಣ್ಣಿಗೆ ಇಳಿಸದ ಷೋಕಿಯವರು, ಇಲ್ಲ ಮಣ್ಣಿನಲ್ಲೇ ಹೂತುಹಾಕಿದವರು. ಮೊದಲು ನೋಡಿದ್ದು ಒಬ್ಬ ಫೋಟೋಗ್ರಾಫರನದು. ದೊಡ್ಡ ಎಂಜಿನ್, ಕನ್ನಡಿಯ ಹಾಗೆ ಫಳಫಳ. ಅಕ್ಕ ಸುಮ್ಮನೆ ಹೋಗಿ ಎಂಜಿನ್ನಿನ ಮೇಲೆ ಅಂಗೈ ಇಟ್ಟಳು.

"ನಾವು ಬರ್ತೀವಿ ಅಂತ ಮೊದ್ಲೇ ಓಡಿಸಿ ಬಿಸಿ ಮಾಡಿಟ್ಟಿದೀರಾ?"

"ಇಲ್ಲಕ್ಕ, ಬಿಸಿಲು."

"ನೆರಳಲ್ಲಿ ನಿಂತಿದೆಯಲ್ಲ ಪಾಪ. ಛತ್ರಿ ಮರೆತು ಹೊರಗೆ ಹೋಗಿತ್ತೇನು?"

ತಣ್ಣಗಿದ್ದಾಗ ಆ ಎಂಜಿನ್ ಎಷ್ಟು ರಗಳೆ ಮಾಡುತ್ತದೆಂದು ತಿಳಿಯಲು ಅವಳು ಕಾಯಲಿಲ್ಲ.

ಎರಡನೆಯದು ಜಮೀನು ಅಳೆಯುವ ಸರ್ವೆಯವರದು. ಮಂಡಿ ನೋವಿಗೆ ಗಾಡಿ ಬಿಟ್ಟವರು, ಅದನ್ನು ತೊಳೆದೂ ಇರಲಿಲ್ಲ. ತೊಳೆಯದೆ ತೋರಿಸುವವನು ಅರ್ಧ ಪ್ರಾಮಾಣಿಕ, ಇನ್ನರ್ಧ ಸೋಮಾರಿ ಎನ್ನುವುದು ಅಕ್ಕನ ಲೆಕ್ಕ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿದಳು; ಎಲ್ಲ ಒಂದೇ ದನಿ, ಒಂದು ಮಾತ್ರ ಶೀತ ಆದವರ ಹಾಗೆ. ಹ್ಯಾಂಡಲ್ ಕೂರುವ ಕತ್ತಿನ ಹತ್ತಿರ ಉಗುರಿನಿಂದ ಬಣ್ಣ ಕೆರೆದು, ಬಿದ್ದು ಬೆಸೆದದ್ದಲ್ಲ ಎಂದು ಖಾತ್ರಿ ಮಾಡಿಕೊಂಡಳು. ಹಿಂದಿನ ಚೈನ್ ಚಕ್ರದ ಹಲ್ಲು ಸವೆದು ಕೊಕ್ಕೆಯಾಗಿತ್ತು. ಅದನ್ನು ಕಂಡು ಎಷ್ಟು ಜೋರಾಗಿ ನಿಟ್ಟುಸಿರು ಬಿಟ್ಟಳೆಂದರೆ, ಸರ್ವೆಯವರು ತಾವಾಗಿಯೇ ಬೆಲೆ ಇಳಿಸಿದರು. ಒಳಗೊಳಗೆ ಅವಳಿಗೆ ಗಾಡಿ ಹಿಡಿಸಿಬಿಟ್ಟಿತ್ತು.

ಅಂಗಳಕ್ಕೆ ತಂದಮೇಲೆ ಮೇಸ್ತ್ರಿಯ ಪಾಳಿ. ಮೇಸ್ತ್ರಿ ಅವಳ ಅಂಗಡಿಯ ಹಳೆಯ ಮೆಕ್ಯಾನಿಕ್, ಮಾತಿಗೆ ಬಲು ಜಿಪುಣ. ತಮ್ಮ ಕೂತರೆ ಕಾಲ ತುದಿಬೆರಳಷ್ಟೇ ನೆಲಕ್ಕೆ ತಾಗುತ್ತಿತ್ತು. ಸೀಟಿನ ಸ್ಪಂಜು ಕೊಯ್ದು ತಗ್ಗಿಸಿದರು. ನಿಂತುಕೊಂಡೇ ಓಡಿಸಲು ಬರುವಂತೆ ಹ್ಯಾಂಡಲ್ ಎತ್ತರಿಸಿದರು. ವಾಲ್ವಿನ ಉದ್ದ ಕೀ ತೂಗುಹಾಕಲು ಪಕ್ಕದಲ್ಲಿ ಒಂದು ಕೊಳವೆ ಬೆಸೆದರು. ಮುಂದಿನ ಚಕ್ರಕ್ಕೆ ಮಣ್ಣು ದಾರಿಯ ಹಲ್ಲು ಹಲ್ಲಾದ ಟೈರು. ತಮ್ಮ ಪ್ರತಿಯೊಂದಕ್ಕೂ ಬಂದು ಕೂತು ಅಳತೆ ಕೊಟ್ಟ, ಹೊಸ ಬಟ್ಟೆ ಹೊಲಿಸಿಕೊಳ್ಳುವವನ ಹಾಗೆ.

ಕೊನೆಗೆ ಎಡಗೈಯಲ್ಲಿ ಕ್ಲಚ್ಚಿನ ಹಿಡಿಕೆ ಒತ್ತಿ ನೋಡಿದ. ಮುಖ ಸ್ವಲ್ಪ ಬಿಗಿಯಿತು. "ಗಟ್ಟಿಯಿದೆ. ಆದ್ರೆ ಬರುತ್ತೆ."

"ಮೇಸ್ತ್ರಿ, ಇದನ್ನೂ ಸ್ವಲ್ಪ—" ಎಂದಳು ಅಕ್ಕ.

"ಬೇಡ. ಇದನ್ನ ಮುಟ್ಟಬೇಡ ಅಕ್ಕ." ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಡಾಕ್ಟರ ಯಂತ್ರಕ್ಕಿಂತ ಇದು ನೆಟ್ಟಗೆ ಹೇಳುತ್ತೆ. ಇದು ಕಷ್ಟ ಆಗ್ತಿದೆ ಅಂತ ಗೊತ್ತಾದಾಗ, ಪೂರ್ತಿ ಆಗದೇ ಹೋಗೋ ಮೊದ್ಲು, ಒಂದ್ಸಲ ಕೆರೆವರೆಗೂ ಹೋಗಿ ಕೂತಿದ್ದು ಬರ್ತೀನಿ. ಇದೇ ಕೊನೆ ಅಂತ ಗೊತ್ತಿದ್ದೇ ಬರ್ತೀನಿ. ಆಮೇಲೆ ಪಂಪ್‌ಹೌಸಲ್ಲಿ ಕುರ್ಚಿ ಕೆಲಸ ಕೇಳ್ತೀನಿ. ಅಳ್ತಾ ಕೂರಲ್ಲ, ಹೆದರಬೇಡ."

"ಯಾರು ಹೆದರಿದ್ದು? ಹೋಗು, ಊಟಕ್ಕೆ ಕೈ ತೊಳಿ."

ಒಂದು ಮಳೆಗಾಲ ಕಳೆಯಿತು. ಒಂದು ಸಂಜೆ ಅವಳು ಮೇಲಿನ ಕಿಟಕಿಯಲ್ಲಿ ನಿಂತಿದ್ದಾಗ ಅವನು ಬೀದಿಯ ತಿರುವಿನಲ್ಲೇ ಎಂಜಿನ್ ಆರಿಸಿ, ಇಳಿದು, ಗಾಡಿ ತಳ್ಳಿಕೊಂಡು ಬರುತ್ತಿರುವುದು ಕಂಡಿತು. ಮಾರನೆಯ ಸಂಜೆಯೂ ಹಾಗೇ. ಮೇಲೆ ಬಂದವನು ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು ಬಲಗೈಯಲ್ಲಿ ಟೀ ಕುಡಿದ, ದಿನದ ಸುದ್ದಿ ಹೇಳಿದ, ನಕ್ಕ. ಕೈಯ ಮಾತು ಎತ್ತಲಿಲ್ಲ.

ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಅವಳು ಮೇಸ್ತ್ರಿಯ ಹತ್ತಿರ ಬಂದಳು.

"ಮುಟ್ಟಬೇಡ ಅಂದಿದಾನಲ್ಲ ಅಕ್ಕ" ಎಂದ ಮೇಸ್ತ್ರಿ.

"ಅಂದಿದ್ದು ನಂಗೆ. ನಿಂಗಲ್ಲ."

ಎಂಜಿನ್ನಿನ ಪಕ್ಕದಲ್ಲಿ ಕ್ಲಚ್ ಕೇಬಲ್ ಎಳೆಯುವ ಒಂದು ಸಣ್ಣ ತೋಳಿರುತ್ತದೆ. ಅದನ್ನು ಉದ್ದ ಮಾಡಿದರೆ ಮೇಲೆ ಹಿಡಿಕೆ ಹಗುರವಾಗುತ್ತದೆ. ಮೇಸ್ತ್ರಿ ಬೆಸೆದ. ಹೊಸ ಬೆಸುಗೆ ಮಿಂಚದಂತೆ ಅಕ್ಕ ತಾನೇ ಅದಕ್ಕೆ ಗ್ರೀಸು, ಮಣ್ಣು ಮೆತ್ತಿದಳು. ಈ ವಿದ್ಯೆ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆ ಸಂಜೆ ಅವನು ಎಂಜಿನ್ ಸದ್ದು ಮಾಡುತ್ತಲೇ ಅಂಗಳದೊಳಕ್ಕೆ ಬಂದ. "ಅಕ್ಕಾ, ಇವತ್ತು ಕೈ ಎಷ್ಟು ಚೆನ್ನಾಗಿತ್ತು ಗೊತ್ತಾ!" ಹಳೆ ಗಾಡಿ ಒಂದೇ ಒದೆಗೆ ಶುರುವಾದಾಗ ಗಿರಾಕಿಯ ಮುಖದಲ್ಲಿ ಒಂದು ಬೆಳಕು ಬರುತ್ತದೆ, ಅದು ಬಂದರೆ ವ್ಯಾಪಾರ ಮುಗಿಯಿತೆಂದೇ ಅರ್ಥ. ಆ ಬೆಳಕನ್ನು ಅವಳು ತಮ್ಮನ ಮುಖದಲ್ಲಿ ನೋಡಿದಳು. ನೋಡಿದ ಮೇಲೆ ನಿಜ ಹೇಳಲು ಮನಸ್ಸು ಬರಲಿಲ್ಲ.

ಅಲ್ಲಿಂದಾಚೆ ಅವನು ತಿರುವಿನಲ್ಲಿ ಇಳಿದು ತಳ್ಳಲು ಶುರುಮಾಡಿದಾಗಲೆಲ್ಲ ಮೇಸ್ತ್ರಿಗೆ ಒಂದು ಕೆಲಸ. ಕ್ಲಚ್ಚಿನ ಒಳಗಿನ ಸ್ಪ್ರಿಂಗು ತೆಗೆದು ಮೆತ್ತನೆಯದು ಹಾಕಿದರು. ಮೆತ್ತಗಾದರೆ ಏರಿನಲ್ಲಿ ಕ್ಲಚ್ ಜಾರುತ್ತದೆ. ಅದಕ್ಕೆ ಮುಂದಿನ ಚೈನ್ ಚಕ್ರ ಸಣ್ಣದಾಯಿತು. ಒಂದು ಸುಳ್ಳಿಗೆ ಇನ್ನೊಂದು ಊರುಗೋಲು. ಡಾಂಬರಿನಲ್ಲಿ ಗಾಡಿಯ ಓಟ ಕುಗ್ಗಿತು. "ಗಾಡಿಗೆ ವಯಸ್ಸಾಗ್ತಿದೆ ಕಣಕ್ಕ, ನಂಗಲ್ಲ" ಎಂದು ತಮ್ಮ ನಕ್ಕ. ಅವನು ಒಂದು ರಬ್ಬರ್ ಚೆಂಡು ತಂದುಕೊಂಡು ಬೆಳಿಗ್ಗೆ ಸಂಜೆ ಹಿಸುಕುತ್ತಿದ್ದ; ಗುಣ ಕಂಡದ್ದೆಲ್ಲ ಆ ಚೆಂಡಿನ ಮಹಿಮೆ ಎಂದು ನಂಬಿದ. ಡಾಕ್ಟರ ಹತ್ತಿರ ಹೋಗುವುದನ್ನೂ ಬಿಟ್ಟ. "ಯಾಕೆ ಹೋಗ್ಲಿ? ಕ್ಲಚ್ ಹೇಳ್ತಿದೆಯಲ್ಲ."

ಅದೇ ದಿನಗಳಲ್ಲಿ ಕಚೇರಿಯ ಸಾಹೇಬರು ಅವನನ್ನು ಕರೆದು, ಪಂಪ್‌ಹೌಸಿನ ಕುರ್ಚಿ ಖಾಲಿಯಾಗುತ್ತಿದೆ, ನಿನ್ನ ಕೈ ವಿಷಯ ಕೇಳಿದ್ದೇನೆ, ಬೇಕೇ ಎಂದರು. ಇವನು ಬೇಡವೆಂದ. ಬೆನ್ನು ನೋವಿನ ಇನ್ನೊಬ್ಬನಿಗೆ ಕೊಡಿಸಿಯೂ ಬಂದ. ಅದನ್ನು ಊಟದ ಹೊತ್ತಿನಲ್ಲಿ ಹೆಮ್ಮೆಯಿಂದ ಹೇಳಿದ.

ಅಕ್ಕ ಬಾಯಿ ತೆರೆದಳು. ಎದುರಿಗೆ ಅದೇ ಬೆಳಕಿನ ಮುಖ. "ಅನ್ನ ಆರ್ತಿದೆ, ತಿನ್ನು" ಎಂದಳು.

ಹಿಂದಿನ ಟೈರು ಹರಿದು ಗಾಡಿ ಅಂಗಳದಲ್ಲಿ ಉಳಿದ ದಿನ ಅವನು ಬಸ್ಸಿನಲ್ಲಿ ಕೆಲಸಕ್ಕೆ ಹೋದ. ಮಧ್ಯಾಹ್ನದ ಹೊತ್ತಿಗೆ ಮೇಲಿನ ತಿರುವಿನಲ್ಲಿ ಕೊಳವೆ ಒಡೆದ ಸುದ್ದಿ ಬಂತು. ಜೊತೆಗಾರನೊಬ್ಬ ತನ್ನ ಬೈಕಿನ ಕೀ ಎಸೆದ. ಅದೂ ಇದೇ ಕಂಪನಿಯದು, ಇದೇ ಗಾಡಿ. ತಮ್ಮ ಹತ್ತಿ, ಶುರು ಮಾಡಿ, ಕ್ಲಚ್ ಹಿಡಿದ. ಹಿಡಿಕೆ ಅಲ್ಲಾಡಲಿಲ್ಲ.

"ಏನಯ್ಯ, ಬೆಳಿಗ್ಗೆ ಏನೂ ತಿಂದಿಲ್ವಾ?" ಎಂದು ಜೊತೆಗಾರ ನಕ್ಕ.

ಇವನು ಬಲಗೈಯನ್ನೂ ತಂದು ಎರಡೂ ಕೈಯಿಂದ ಎಳೆದ. ಆಗ ಬಂತು. ಜೊತೆಗಾರನ ನಗು ಅಲ್ಲೇ ನಿಂತಿತು. ತಮ್ಮ ಎಂಜಿನ್ ಆರಿಸಿ, ಕೀ ವಾಪಸ್ ಕೊಟ್ಟು, ಸ್ವಲ್ಪ ಹೊತ್ತು ಎರಡೂ ಅಂಗೈ ನೋಡಿಕೊಳ್ಳುತ್ತ ಕೂತ. ಬೈಕು ಮಾರುವವಳ ಮನೆಯಲ್ಲಿ ಬೆಳೆದವನು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಂಗಳಕ್ಕೆ ಬಂದವನು ಅಕ್ಕನ ಕಡೆ ನೋಡಲಿಲ್ಲ. "ಮೇಸ್ತ್ರಿ, ಕ್ಲಚ್ ಬಿಚ್ಚಿ."

ಮೇಸ್ತ್ರಿ ಅಕ್ಕನ ಮುಖ ನೋಡಿದ. ಅವಳು ತಲೆಯಾಡಿಸಿದಳು. ಕವರು ಬಿಚ್ಚಿ ಸ್ಪ್ರಿಂಗುಗಳನ್ನು ಬಟ್ಟೆಯ ಮೇಲಿಟ್ಟ. ತಮ್ಮ ಒಂದನ್ನು ಬೆರಳಲ್ಲಿ ಒತ್ತಿ ನೋಡಿದ, ಆಮೇಲೆ ಉದ್ದದ ತೋಳಿನ ಮೇಲಿನ ಮಣ್ಣು ಒರೆಸಿದ.

"ಒಳ್ಳೇ ಬೆಸುಗೆ" ಎಂದ. "ಯಾವಾಗಿಂದ ಅಕ್ಕ?"

"ಮಳೆ ಮುಗಿದಮೇಲಿಂದ."

"ಅಂದ್ರೆ ಸಾಹೇಬರು ಕುರ್ಚಿ ಕೊಡ್ತೀನಿ ಅಂದಾಗ ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಕಣೋ. ನೀನು ಅಷ್ಟು ಖುಷಿಯಾಗಿದ್ದೆ..."

"ಕುರ್ಚಿ ಹೋಗ್ಲಿ ಬಿಡು." ಅವನು ಸ್ಪ್ರಿಂಗನ್ನು ಮತ್ತೆ ಬಟ್ಟೆಯ ಮೇಲೆ ಜೋಪಾನವಾಗಿ ಇಟ್ಟ. "ಮೊನ್ನೆ ಕೆರೆ ಹತ್ರ ಹೋಗಿದ್ನಲ್ಲ. ಅದೇ ಕೊನೇದಾಗಿತ್ತು. ಅಲ್ಲಿ ಕೂರಲೂ ಇಲ್ಲ ಅಕ್ಕ. ಟೈರು ಗಾಳಿ ಬಿಡ್ತಿದೆಯಲ್ಲ, ಪಂಕ್ಚರ್ ಅಂಗಡಿ ಮುಚ್ಚೋದ್ರೊಳಗೆ ಇಳಿಬೇಕು ಅಂತ ಯೋಚನೆ ಮಾಡ್ತಾ ಇಳಿದುಬಂದೆ."

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಹಿಂದಿನ ಶೆಡ್ಡಿಗೆ ಹೋದ. ಅಲ್ಲಿ ಅವನಿಗೆ ಏನೂ ಕೆಲಸವಿರಲಿಲ್ಲ.

ಹಳೆ ಸ್ಪ್ರಿಂಗು, ಹಳೆ ತೋಳು ಎಲ್ಲ ಮೊದಲಿದ್ದ ಹಾಗೆ ಹಾಕಿಸಿ ಗಾಡಿ ಮಾರಿದರು. ಕೊಂಡವರು ಒಬ್ಬ ಸ್ಕೂಲ್ ಟೀಚರ್. ಅಕ್ಕ ಅದರ ಹುಳುಕು, ಹೊಲಿಗೆ, ಬದಲಾಯಿಸಿದ್ದು, ವಾಪಸ್ ಹಾಕಿದ್ದು ಎಲ್ಲವನ್ನೂ ಎಷ್ಟು ವಿವರವಾಗಿ ಹೇಳಿದಳೆಂದರೆ, "ಮಾರೋ ಮನಸ್ಸಿದೆಯೋ ಇಲ್ವೋ ನಿಮಗೆ?" ಎಂದು ಆ ಟೀಚರು ಕೇಳಿದರು. ತಮ್ಮನಿಗೆ ಕಚೇರಿಯಲ್ಲಿ ನೀರು ಬರಲಿಲ್ಲವೆಂಬ ದೂರುಗಳನ್ನು ಫೋನಿನಲ್ಲಿ ಕೇಳಿಸಿಕೊಳ್ಳುವ ಮೇಜು ಸಿಕ್ಕಿತು. ಗೆಳೆಯರು ಜೀಪಿನಲ್ಲಿ ಕೆರೆಗೆ ಕರೆದೊಯ್ಯುತ್ತೇವೆಂದರು. "ಎತ್ತಿ ಹಾಕ್ಕೊಂಡು ಹೋಗಕ್ಕೆ ನಾನೇನು ಮೂಟೆಯಾ?" ಎಂದು ತಮಾಷೆ ಮಾಡಿದ. ಹೋಗಲಿಲ್ಲ.

ಅಕ್ಕನ ಮೇಲೆ ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳೂ ಎರಡು ಮಾತು ಆಡಿ ಹಗುರಾಗುತ್ತಿದ್ದಳು. ಬದಲಿಗೆ ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಎದುರು ಕೂತು, "ಕೈ ಕೊಡು" ಎಂದ. ಅವಳ ಬೆರಳುಗಳನ್ನು ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಇದ್ದಷ್ಟು ಶಕ್ತಿ ಹಾಕಿ ಹಿಸುಕಿದ. "ಇನ್ಮೇಲೆ ವಾರ ವಾರ ನೀನೇ ಹೇಳ್ಬೇಕು. ಬೇರೆ ಯಾವುದ್ರ ಮೇಲೂ ನಂಗೆ ನಂಬಿಕೆ ಇಲ್ಲ. ಹೇಗಿದೆ?"

ಆ ವಾರ ಅವಳು ಇದ್ದದ್ದನ್ನೇ ಹೇಳಿದಳು. ಹೋಲಿಸಲು ಹಿಂದಿನದೇನೂ ಇರಲಿಲ್ಲ. ಮುಂದಿನ ಭಾನುವಾರ ಅವನು ಹಿಡಿದ. "ಹಾಗೇ ಇದೆ ಕಣೋ" ಎಂದಳು, ತುಂಬ ಬೇಗ.

ಅವನು ಕಣ್ಣು ತೆರೆದ. "ಗಿರಾಕಿಗೆ ಹೇಳೋ ಮಾತು ಬೇಡ ಅಕ್ಕ. ಮತ್ತೆ ಹಿಡೀತೀನಿ."

ಮತ್ತೆ ಹಿಡಿದ. ಕತ್ತಿನ ನರ ಉಬ್ಬಿತು, ತುಟಿ ಬಿಗಿಯಿತು. ಅವಳ ಬೆರಳಿಗೆ ತಾಗಿದ್ದು ನಿದ್ದೆಗಣ್ಣಿನ ಮಗುವಿನ ಹಿಡಿತದಷ್ಟು.

"ಕಮ್ಮಿಯಾಗಿದೆ" ಎಂದಳು.

"ಎಷ್ಟು?"

"ಹೋದ ವಾರ ಉಂಗುರ ಬೆರಳಿಗೆ ಒತ್ತುತ್ತಿತ್ತು. ಈ ವಾರ ಒತ್ತಲಿಲ್ಲ."

ಅವನು ಅದನ್ನು ಕೇಳಿಸಿಕೊಂಡು, ಮನಸ್ಸಿನಲ್ಲಿ ಎಲ್ಲೋ ಒಂದು ಕಡೆ ಇಟ್ಟುಕೊಳ್ಳುವವನಂತೆ ತಲೆಯಾಡಿಸಿದ. ಕೈ ಮಾತ್ರ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.