ಶುಕ್ರವಾರ ಬರುವ ಭರಮಜ್ಜ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬೆಳಗಿನ ಬಸ್ಸು ಮಸ್ಕಿ ಮುಟ್ಟುವ ಹೊತ್ತಿಗೆ ಕಾಲಿಡಲು ಜಾಗವಿಲ್ಲದಂತೆ ತುಂಬಿರುತ್ತದೆ. ಆದರೂ ಎರಡು ವರ್ಷ, ಮಂಗಳವಾರ ಮತ್ತು ಶುಕ್ರವಾರ, ಯಶೋಧರಾ ಆ ಬಸ್ಸಿನಲ್ಲಿ ಒಂದು ದಿನವೂ ನಿಂತು ಹೋಗಲಿಲ್ಲ. ಎಡಗಡೆಯ ಕಿಟಕಿಯೊಂದರಿಂದ ಕೆಂಪು ಅಂಚಿನ ಟವೆಲ್ಲು ಹೊರಗೆ ಚಾಚಿ ಆಡುತ್ತಿತ್ತು. ಆ ಕಿಟಕಿಯಲ್ಲಿ ಅಮರಮ್ಮ ಇರುತ್ತಿದ್ದಳು. ಪಕ್ಕದ ಸೀಟಿನ ಮೇಲೆ ಕೈಚೀಲ ಇಟ್ಟುಕೊಂಡು, ಕೂರಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು.

"ಇಲ್ಲಿ ಮಂದಿ ಐತಿ. ಮಸ್ಕ್ಯಾಗ ಹತ್ತತೈತಿ."

"ಮಸ್ಕಿ ಇನ್ನಾ ಎಲ್ಲೈತಬೇ ಯಮ್ಮಾ?"

"ಇದ್ದಲ್ಲೇ ಐತಿ. ನೀ ಅಲ್ಲಿತನ ನಿಂದ್ರು, ತೋರಸ್ತೀನಿ."

ಇಬ್ಬರೂ ಹೊರಟದ್ದು ಡಯಾಲಿಸಿಸ್‌ಗೆ. ವಾರಕ್ಕೆ ಎರಡು ಸಲ, ಪ್ರತಿ ಸಲ ನಾಲ್ಕು ತಾಸು. ಯಶೋಧರಾ ಮಸ್ಕಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ, ನಲವತ್ತಾರು ವರ್ಷದವಳು. ತವರುಮನೆಯಲ್ಲಿ ಬುದ್ಧನ ಪಟದ ಕೆಳಗೆ ಎರಡು ಕಪಾಟು ಪುಸ್ತಕಗಳಿದ್ದವು. ಅವನ್ನು ಓದಿಯೇ ಅವಳು ಬೆಳೆದದ್ದು. ಆದರೆ ಒಂದು ಕೈಗೆ ಎರಡು ಸೂಜಿ ಚುಚ್ಚಿ ಮಲಗಿಸಿದರೆ ಹಾಳೆ ತಿರುವುವುದು ಹೇಗೆ? ಮನೆಗೆ ಬಂದರೆ ನಾಲ್ಕು ಸಾಲಿಗೇ ಕಣ್ಣು ಎಳೆಯುತ್ತಿತ್ತು. ಒಂದು ವರ್ಷದಿಂದ ಅವಳು ಒಂದು ಪುಸ್ತಕವನ್ನೂ ಮುಗಿಸಿರಲಿಲ್ಲ. ಅದನ್ನು ಗಂಡ ಮಲ್ಲೇಶನಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವಂಥ ಕಷ್ಟವೂ ಅದಲ್ಲ ಎಂದುಕೊಂಡಿದ್ದಳು.

ಅಮರಮ್ಮ ಗೊರೇಬಾಳದ ಕುರಿಗಾರರ ಮನೆಯವಳು. ಗಂಡ ಹೊನ್ನೂರಪ್ಪನ ಜೊತೆ, ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ನಿಲ್ಲಿಸುತ್ತ, ಕಾಲುವೆ ದಂಡೆಯುದ್ದಕ್ಕೂ ಮೂವತ್ತು ವರ್ಷ ನಡೆದಿದ್ದಳು. ಅಕ್ಷರ ಬರುತ್ತಿರಲಿಲ್ಲ. ಊರ ಹತ್ತಿರ ಯಂತ್ರದ ಪಾಳಿ ಸಿಗದೆ ಲಿಂಗಸುಗೂರಿನಲ್ಲಿ ಸಿಕ್ಕಿತ್ತು. ನಡೆದೇ ಬದುಕಿದವಳಿಗೆ ನಾಲ್ಕು ತಾಸು ಅಲುಗಾಡದೆ ಮಲಗುವುದು ಸೂಜಿಗಿಂತ ದೊಡ್ಡ ಶಿಕ್ಷೆಯಾಗಿತ್ತು. ಮೊದಲ ತಿಂಗಳು ಅವಳು ಯಂತ್ರವನ್ನೂ, ವೈದ್ಯರನ್ನೂ, ತನ್ನ ದೇವರನ್ನೂ ಸರದಿಯ ಮೇಲೆ ಬೈದಳು. ಅದನ್ನು ತಾಳಲಾರದೆ ಮಗಳು ಗಂಗಾದೇವಿ ಮೊಬೈಲ್ ಅಂಗಡಿಯೊಂದರಲ್ಲಿ ಮೆಮೊರಿ ಕಾರ್ಡಿಗೆ ಕಥೆ, ಕಾದಂಬರಿ ತುಂಬಿಸಿ ತಾಯಿಯ ಬಟನ್ ಫೋನಿಗೆ ಹಾಕಿಕೊಟ್ಟಳು. ಯಾರೋ ಓದಿ ಹೇಳಿದ ಕಾದಂಬರಿಗಳು.

ಅಲ್ಲಿಂದ ಆ ವಾರ್ಡಿಗೆ ನೆಮ್ಮದಿ ಹೋಯಿತು.

ಅಮರಮ್ಮ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಿದ್ದಳು, ಕೇಳಿದ್ದನ್ನು ವಾರ್ಡಿಗೆಲ್ಲ ಕೂಗಿ ಹೇಳುತ್ತಿದ್ದಳು. ಕಿವಿಯಲ್ಲಿ ದನಿ ತುಂಬಿರುವುದರಿಂದ ತನ್ನ ದನಿ ಎಷ್ಟು ದೊಡ್ಡದಿದೆ ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ.

"ಹೋದ್ಲು! ಹೋದ್ಲು ನೋಡಬೇ! ತಾಳಿ ಕಟ್ಟೂ ಹೊತ್ತಿನ್ಯಾಗ ಎದ್ದು ಹೋದ್ಲು! ಭೇಷ್ ಮಗಳ!"

ಯಂತ್ರಗಳನ್ನು ನೋಡಿಕೊಳ್ಳುವ ಅಖ್ತರ್ ಓಡಿಬರುತ್ತಿದ್ದ. "ಅಮ್ಮಾ, ಸಾವಕಾಶ. ಬಿಪಿ ಏರಾಕತ್ತೈತಿ."

"ಏರ್ಲಿ ಬಿಡೋ. ಇಷ್ಟು ದಿನಾ ಇಳಿತೈತಿ ಅಂತಿದ್ದಿ. ಮೊದಲ ನಿನ್ನ ಮಷೀನ ಬಾಯಿ ಮುಚ್ಚಸು, ಇಲ್ಲಿ ಮದುವಿ ಮುರಿಯಾಕತ್ತೈತಿ."

ಪಕ್ಕದ ಹಾಸಿಗೆಯ ಯಶೋಧರಾಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ತಲೆನೋವು, ಕಾಲಿನ ಸೆಳೆತ, ಅದರ ಮೇಲೆ ಈ ಗದ್ದಲ. ಆದರೆ ಬಸ್ಸಿನಲ್ಲಿ ಸೀಟು ಹಿಡಿಯುವವಳನ್ನು ಬೈಯುವುದು ಹೇಗೆ? ಕೇಳುತ್ತ ಕೇಳುತ್ತ, ಆ ಕಾದಂಬರಿಗಳು ಅಮರಮ್ಮನ ಉದ್ಗಾರಗಳ ಮೂಲಕ ತುಂಡು ತುಂಡಾಗಿ ಅವಳೊಳಗೂ ಇಳಿದವು. ಸಂತೆಯಲ್ಲಿ ಕದ್ದ ಎತ್ತನ್ನು ಅದೇ ಸಂತೆಯಲ್ಲಿ ಮಾರಲು ಬಂದ ಕಳ್ಳನ ಕಥೆಗೆ ಅಮರಮ್ಮ ಎರಡು ವಾರ ನಕ್ಕಳು. ದೆವ್ವದ ಕಾದಂಬರಿಯೊಂದನ್ನು ಅರ್ಧಕ್ಕೇ ಬಿಟ್ಟಳು. ಹೆದರಿ ಅಲ್ಲ.

"ಓದಾವ ಹೆಣ್ಣ ದನಿ ಮಾಡಾಕ ಹೋಗಿ ಆಡು ಒದರಿದಂಗ ಒದರ್ಯಾನ. ಆಡಿಗೆ ನಾ ಹೆದರ್ತೀನೇನು?"

ಇನ್ನೊಬ್ಬ ಓದುಗಿತ್ತಿಯ ಬಗ್ಗೆ ಅವಳಿಗೆ ಅಪಾರ ಗೌರವ. "ಆಕಿ ಗಂಟಲಾಗ ಐದು ಮಂದಿ ಅದಾರಬೇ ತಂಗಿ. ಮುದುಕಿ ಕೆಮ್ಮತಾಳ, ಕೂಸು ಅಳತೈತಿ, ಸಾಹುಕಾರ ಎಲಿ ಅಡಿಕಿ ಹಾಕ್ಕೊಂಡು ಮಾತಾಡ್ತಾನ. ಒಬ್ಬಾಕಿ! ಸಂಜಿಮುಂದ ಆಕಿಗೆ ಎಷ್ಟು ದಣಿವು ಆಗಿರಬೇಕು."

ಅಮರಮ್ಮನದು ಒಂದು ಕಟ್ಟಳೆಯಿತ್ತು. ಯಂತ್ರದ ಮೇಲೆ ಮಲಗಿದಾಗ ಮಾತ್ರ ಕಥೆ. ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲೂ ಕೇಳುತ್ತಿರಲಿಲ್ಲ. ಕಥೆ ಎಂಥ ಘಟ್ಟದಲ್ಲಿ ನಿಂತಿದ್ದರೂ ಸೂಜಿ ತೆಗೆದ ಕೂಡಲೇ ಫೋನು ಚೀಲಕ್ಕೆ.

"ಮನ್ಯಾಗ ತಡಕೊಳ್ಳಾಕ ಆಗತೈತೇನಕ್ಕಾ?" ಎಂದು ಯಶೋಧರಾ ಒಮ್ಮೆ ಕೇಳಿದ್ದಳು.

"ಮನ್ಯಾಗ ಕೇಳಿ ಮುಗಿಸಿದ್ರ ಇಲ್ಲಿಗ್ಯಾಕ ಬರ್ಲಿ? ಸೂಜಿ ಚುಚ್ಚಿಸ್ಕೊಳ್ಳಾಕ?"

ಯಶೋಧರಾಗೆ ಅಂಥ ಕಾರಣವೊಂದು ಉಳಿದಿರಲಿಲ್ಲ. ಬೆಳಿಗ್ಗೆ ಎದ್ದು ಬಸ್ಸು ಹಿಡಿಯುವುದು, ತೂಕ ನೋಡಿಸಿಕೊಳ್ಳುವುದು, ಅಳತೆ ಮೀರಿ ಕುಡಿದ ನೀರಿಗೆ ಅಖ್ತರನ ಎದುರು ಕದ್ದವಳ ಹಾಗೆ ತಲೆ ತಗ್ಗಿಸುವುದು, ಸಂಜೆ ಹಿಂಡಿದ ಬಟ್ಟೆಯಂತೆ ಮನೆಗೆ ಬಂದು ಬೀಳುವುದು. ಮರುದಿನ ಕಚೇರಿ. ದಣಿವು ಎಂದರೆ ನಿದ್ದೆ ಮಾಡಿ ಎದ್ದರೆ ಹೋಗುವಂಥದ್ದು ಎಂದು ಹಿಂದೆ ಅವಳು ತಿಳಿದಿದ್ದಳು. ಇದು ಹೋಗುವಂಥದ್ದಾಗಿರಲಿಲ್ಲ. ಯುಗಾದಿ ಆದ ಮೇಲೆ ವಾರಕ್ಕೆ ಒಂದೇ ಸಲ ಬರುವುದು, ಆಮೇಲೆ ಅದನ್ನೂ ನೋಡಿದರಾಯಿತು ಎಂದು ಒಳಗೇ ತೀರ್ಮಾನಿಸಿಕೊಂಡಿದ್ದಳು. ಅದರ ಅರ್ಥ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ದಿನ ಬಸ್ಸಿನಲ್ಲಿ ಅಮರಮ್ಮನಿಗಷ್ಟೇ ಹೇಳಿದಳು.

ಅಮರಮ್ಮ ಬುದ್ಧಿ ಹೇಳಲಿಲ್ಲ. ಕೈಚೀಲದಿಂದ ಫೋನು ತೆಗೆದು ತೋರಿಸಿದಳು.

"ಯುಗಾದಿ ಇನ್ನಾ ದೂರ ಐತಿ. ಇವತ್ತ ಒಂದು ಹೊಸಾದು ಹಚ್ಚಾಕತ್ತೀನಿ. ಬಾವಿ ತೋಡಾವರ ಕಥಿ ಅಂತ, ಗಂಗಿ ಹೇಳ್ಯಾಳ. ಅದೊಂದು ಮುಗೀಲಿ."

ಆ ಮಂಗಳವಾರ ಶುರುವಾದ ಕಾದಂಬರಿಯಲ್ಲಿ ಭರಮಜ್ಜ ಎಂಬ ಬಾವಿ ತೋಡುವವನಿದ್ದ, ಅವನಿಗೆ ಚೆನ್ನಿ ಎಂಬ ಮಗಳಿದ್ದಳು. ಯಂತ್ರಕ್ಕೆ ಹಚ್ಚಿ ಮುಕ್ಕಾಲು ತಾಸು ಕಳೆದಿರಲಿಲ್ಲ, ಅಮರಮ್ಮ ಎದೆಗೆ ಕೈ ಬಡಿದುಕೊಂಡಳು.

"ಅಯ್ಯಯ್ಯ ಯವ್ವಾ, ಕೊಂದುಬಿಟ್ಟ! ಬಾವಿ ಕುಸದು ಭರಮಜ್ಜ ಸತ್ತ! ಈಗರ ಪರಿಚಯ ಆಗಿತ್ತು. ಎಂಥಾ ಅವಸರದ ಮನಷ್ಯಾನೋ ಇವ, ಬರದಾವ!"

ಉಳಿದ ಮೂರು ತಾಸು ತಂದೆಯಿಲ್ಲದ ಚೆನ್ನಿಯ ಪಾಡು ಕೇಳಿ ಅತ್ತಳು. ಅಖ್ತರ್ ಗಾಯ ಒರೆಸುವ ಹತ್ತಿ ತಂದು ಅವಳ ಕಣ್ಣಿಗೆ ಕೊಟ್ಟ.

ಶುಕ್ರವಾರ ಫೋನು ಹಚ್ಚಿ ಒಂದು ನಿಮಿಷವಾಗಿರಬಹುದು. ಅಮರಮ್ಮ ಹಾಸಿಗೆಯ ಕಬ್ಬಿಣವನ್ನು ಬಡಿದಳು.

"ಬಂದ! ತಂಗಿ, ಭರಮಜ್ಜ ಬಂದ!"

"ಯಾರು?"

"ಸತ್ತಾವ! ಅಂಗಳದಾಗ ಕುಂತಾನ. ಮಣ್ಣ ಕೈಯಾಗ ಹಿಡದು, ಮೂಗಿಗೆ ಒಡ್ಡಿ, ಎಷ್ಟ ಆಳಕ್ಕ ನೀರೈತಿ ಅಂತ ಚೆನ್ನಿಗೆ ಹೇಳಿಕೊಡಾಕತ್ತಾನ. ರೊಟ್ಟಿ ಕೊಡು ಅಂದ. ತಿಂದ! ಯಾರೂ ಏನೂ ಅನ್ನವಲ್ರು. ಸತ್ತಾವ ಬಂದಾನ, ಬಡಸಾಕತ್ತಾರ. ಎಂಥಾ ಗುಂಡಿಗಿ ಬೇಕಬೇ ಹಿಂಗ ಬರಿಯಾಕ!"

ಅವಳು ಮಧ್ಯೆ ಫೋನನ್ನು ಯಶೋಧರಾಳ ಕಡೆ ಚಾಚಿದಳು. ಚಾರ್ಜು ಎಷ್ಟಿದೆ ನೋಡಬೇಕಿತ್ತು. ಯಶೋಧರಾ ಸೂಜಿಯಿಲ್ಲದ ಕೈಯಲ್ಲಿ ತೆಗೆದುಕೊಂಡು ನೋಡಿದಳು. ಪರದೆಯ ಮೇಲೆ 2 ಎಂದಿತ್ತು. ಅದರ ಕೆಳಗೆ 20, ಅದರ ಕೆಳಗೆ 21. ಮೇಲಕ್ಕೆ ಒತ್ತಿದಳು. 19, 18, 17, ಹಾಗೇ 10ರವರೆಗೆ, ಆಮೇಲೆ 1.

ಅರ್ಥವಾಯಿತು. ಅಂಗಡಿಯವನು ಅಧ್ಯಾಯಗಳಿಗೆ ಬರೀ ಅಂಕಿ ಕೊಟ್ಟಿದ್ದ. ಫೋನು ಒಂದರಿಂದ ಶುರುವಾಗುವ ಅಂಕಿಗಳನ್ನೆಲ್ಲ ಮೊದಲು ಸಾಲಾಗಿ ನಿಲ್ಲಿಸಿ, ಆಮೇಲೆ ಎರಡರಿಂದ ಶುರುವಾಗುವವನ್ನು ನಿಲ್ಲಿಸಿತ್ತು. ಹತ್ತನೆಯ ಅಧ್ಯಾಯದಲ್ಲಿ ಸಾಯಬೇಕಾದವನು ಅಮರಮ್ಮನ ಪಾಲಿಗೆ ಎರಡನೆಯದಕ್ಕೇ ಸತ್ತಿದ್ದ. ಈಗ ಬರೆದವನ ಎರಡನೆಯ ಅಧ್ಯಾಯ ಬಂದಿತ್ತು, ಅದರಲ್ಲಿ ಅವನು ಬದುಕಿಯೇ ಇದ್ದ. ಅಷ್ಟೇ.

ಯಶೋಧರಾ ಬಾಯಿ ತೆರೆದಳು. ಓದಿದವಳು, ತಪ್ಪು ಕಂಡರೆ ತಿದ್ದುವುದು ಅವಳ ಸ್ವಭಾವ. ಆದರೆ ಎಲ್ಲವನ್ನೂ ವಿವರಿಸುವಷ್ಟು ಕಸುವಿರಲಿಲ್ಲ. "ಎರಡು ಗೀಟು ಐತಕ್ಕಾ" ಎಂದು ಫೋನು ವಾಪಸು ಕೊಟ್ಟಳು.

ಸಂಜೆ ಬಸ್ಸಿನಲ್ಲಿ ಅಮರಮ್ಮ ತಾನೇ ಕೇಳಿದಳು. "ನೀ ಓದಿದಾಕಿ, ಹೇಳು. ಸತ್ತಾವ ಹೆಂಗ ಬಂದ?"

"ಚೆನ್ನಿಗೆ ಅಪ್ಪನ ನೆನಪು ಬಂದಿರಬೇಕಕ್ಕಾ."

"ನೆನಪು ರೊಟ್ಟಿ ತಿಂತೈತೇನಬೇ? ಎರಡು ರೊಟ್ಟಿ ತಿಂದ, ನಾ ಕೇಳೀನಿ. ನಿಮ್ಮ ಪುಸ್ತಕದಾಗ ಇಂಥಾದ್ದು ಬಂದಿಲ್ಲ ಅನಸ್ತೈತಿ."

ಮುಂದಿನ ಮಂಗಳವಾರ ಯಶೋಧರಾ ಬಸ್ಸು ಬರುವುದಕ್ಕೆ ಕಾಲು ತಾಸು ಮೊದಲೇ ನಿಲ್ದಾಣಕ್ಕೆ ಬಂದಿದ್ದಳು. ಅದನ್ನು ಅವಳು ಗಮನಿಸಿದ್ದು ಎಷ್ಟೋ ದಿನಗಳ ಮೇಲೆ. ಆ ದಿನ ಮೂರನೆಯ ಅಧ್ಯಾಯ, ಆಮೇಲೆ ಮೂವತ್ತು, ಮೂವತ್ತೊಂದು, ಮೂವತ್ತೆರಡು. ಅಲ್ಲಿಗೆ ಬರೆದವನ ಕಾದಂಬರಿ ಮುಗಿದಿತ್ತು. ಅಮರಮ್ಮನದು ಮುಗಿದಿರಲಿಲ್ಲ. ಅವಳಿಗೆ ಇನ್ನೂ ನಾಲ್ಕರಿಂದ ಒಂಬತ್ತರವರೆಗೆ ಉಳಿದಿದ್ದವು. ಕಾದಂಬರಿಯ ಬಹುಭಾಗ ಸತ್ತೇ ಇದ್ದವನು ಆ ಆರು ಅಧ್ಯಾಯಗಳಲ್ಲಿ ಓಡಾಡಿದ, ಜಗಳಾಡಿದ, ಮಗಳಿಗೆ ಬಳೆ ತಂದ. ಕೊನೆಯಲ್ಲಿ ಹಾರೆ ಹೆಗಲಿಗಿಟ್ಟು, ಸಂಜೆಗೆ ಬರುತ್ತೇನೆ ಎಂದು ಹೇಳಿ ಬಾಗಿಲು ದಾಟಿದ.

ಅಮರಮ್ಮ ಕಿವಿಯಿಂದ ಇಯರ್‌ಫೋನ್ ತೆಗೆದಳು. ಈ ಸಲ ಕೂಗಲಿಲ್ಲ.

"ಬದುಕಿಸಿ ಬಿಟ್ಟಾನ ತಂಗಿ" ಎಂದಳು. "ಮೊದಲ ಕೊಂದು ಅಳಿಸಿ, ಕೊನೀಗೆ ಬದುಕಿಸಿ ಬಿಟ್ಟಾನ. ಸಂಜಿಗೆ ಬರ್ತೀನಿ ಅಂದ್ರ ಬಂದಾ ಬರ್ತಾನ ಅವ. ನೀ ಯುಗಾದಿ ಗಿಗಾದಿ ಅನಬ್ಯಾಡ. ಒಂದು ಸಲ ನೀನೂ ಕೇಳು. ಆಮ್ಯಾಲ ಏನರ ಮಾಡ್ಕೊ."

ಇನ್ನೆರಡು ವಾರ ಅವಳು ಬೇರೆ ಕಥೆ ಹಚ್ಚಲಿಲ್ಲ. ಯಂತ್ರದ ಮೇಲೆ ಮಲಗಿ ಭರಮಜ್ಜನ ಮಾತೇ ಆಡಿದಳು. ಯಶೋಧರಾ ನಿಜ ಹೇಳಬೇಕೆಂದು ಮೂರು ಸಲ ಹೊರಟು, ಮೂರು ಸಲವೂ ನಾಳೆ ಹೇಳಿದರಾಯಿತು ಎಂದುಕೊಂಡಳು.

ಯುಗಾದಿಗೆ ಹತ್ತು ದಿನವಿರುವಾಗ, ಶುಕ್ರವಾರ, ಬಸ್ಸು ಮಸ್ಕಿಗೆ ಬಂತು. ಎಡಗಡೆಯ ಯಾವ ಕಿಟಕಿಯಲ್ಲೂ ಟವೆಲ್ಲು ಇರಲಿಲ್ಲ.

ಅಮರಮ್ಮನಿಗೆ ಫೋನು ಮಾಡಿದರೆ ಎತ್ತಿದವಳು ಮಗಳು ಗಂಗಾದೇವಿ. "ಅವ್ವ ನಿನ್ನೆ ಮುಂಜಾನೆ ಹೋದ್ಲುರೀ ಅಕ್ಕಾ. ಒಲಿ ಮುಂದ ಕುಂತಿದ್ಲು. ಎದಿ ಹಿಡಕೊಂಡ್ಲು, ಅಷ್ಟ."

ಆ ದಿನ ಯಶೋಧರಾ ಬಸ್ಸು ಹತ್ತಲಿಲ್ಲ. ಪಾಳಿ ತಪ್ಪಿಸಿದ್ದು ಅದೇ ಮೊದಲು.

ಮೂರನೆಯ ದಿನ ಗೊರೇಬಾಳಕ್ಕೆ ಹೋದಳು. ಮಣ್ಣು ಮಾಡಿದ ಜಾಗದಲ್ಲಿ ಹಾಲು, ತುಪ್ಪ ಬಿಟ್ಟು, ಸತ್ತವಳು ಇಷ್ಟಪಡುತ್ತಿದ್ದದ್ದನ್ನು ಎಡೆ ಇಡುತ್ತಿದ್ದರು. ರೊಟ್ಟಿ, ಪುಂಡಿಪಲ್ಯೆ, ಎಲೆ ಅಡಿಕೆ. ಕೊನೆಯಲ್ಲಿ ಹೊನ್ನೂರಪ್ಪ ದೊಡ್ಡ ತಂಬಿಗೆಯ ತುಂಬ ನೀರು ತಂದು ಇಟ್ಟ. ಮೂರು ವರ್ಷ ಹೆಂಡತಿಗೆ ಲೋಟದಲ್ಲಿ ಅಳೆದು ಕೊಟ್ಟವನು ಅವನೇ. "ಹೊಟ್ಟಿ ತುಂಬ ಕುಡಿ" ಎಂದ. ಯಶೋಧರಾಳ ಮನೆಯಲ್ಲಿ ಈ ಪದ್ಧತಿಗಳಿಲ್ಲ. ಕೈ ಮುಗಿದು ನಿಂತಳು. 

ಹೊರಡುವಾಗ ಗಂಗಾದೇವಿ ಮೆಮೊರಿ ಕಾರ್ಡನ್ನು ಕಾಗದದಲ್ಲಿ ಮಡಚಿ ಕೊಟ್ಟಳು. "ನಿಮಗ ಕೊಡಬೇಕು ಅಂತಿದ್ಲುರೀ."

ಮಂಗಳವಾರ ಬೆಳಿಗ್ಗೆ ಮಲ್ಲೇಶ ಅವಳನ್ನು ನಿಲ್ದಾಣಕ್ಕೆ ಬಿಡಲು ಬೈಕು ಹೊರಗೆ ತೆಗೆದು ನಿಂತ. ಯಶೋಧರಾ ಬಹಳ ಹೊತ್ತು ಮಂಚದ ಮೇಲೆ ಕೂತಿದ್ದಳು. ಆಮೇಲೆ ಎದ್ದು ಸೀರೆ ಉಟ್ಟಳು. ಬಸ್ಸಿನಲ್ಲಿ ಲಿಂಗಸುಗೂರಿನವರೆಗೂ ನಿಂತೇ ಹೋದಳು.

ಅವಳ ಫೋನಿನಲ್ಲಿ ಕಾರ್ಡು ಹಿಡಿಯಲಿಲ್ಲ. ಅಖ್ತರ್ ತನ್ನ ಹಳೆಯ ಬಟನ್ ಫೋನಿಗೆ ಹಾಕಿ ಕೊಟ್ಟ. ಕೊಡುವಾಗ ಸಾಲು ನೋಡಿದ. "ಮೇಡಂ, ಇವು ಹಿಂದ ಮುಂದ ಆಗ್ಯಾವ. ಹೊರಗ ಕಂಪ್ಯೂಟರ್ ಐತಿ, ಎರಡು ನಿಮಿಷದಾಗ ಸರಿ ಮಾಡಿ ಕೊಡ್ಲೇನ್ರಿ?"

"ಬ್ಯಾಡಪ್ಪ. ಸರಿ ಐತಿ."

ಒಂದು, ಆಮೇಲೆ ಹತ್ತು. ಗಂಟಲಿನಲ್ಲಿ ಐದು ಮಂದಿ ಇರುವ ಆ ಓದುಗಿತ್ತಿಯ ದನಿಯಲ್ಲಿ ಬಾವಿ ಕುಸಿಯಿತು. ಆಗಲೇ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದ, ಮುದಗಲ್ಲಿನಿಂದ ಅದೇ ಮೊದಲು ಬಂದಿದ್ದ ಮಾಬುಬೀ ಎಂಬ ಮುದುಕಿ ಇವಳನ್ನು ನೋಡಿದ್ದು.  ಹತ್ತೊಂಬತ್ತನೆಯ ಅಧ್ಯಾಯ ಮುಗಿದಾಗ ಯಂತ್ರದ ಮೇಲೆ ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು. ಮುಂದಿನದು ಎರಡು. ಯಶೋಧರಾ ಇಯರ್‌ಫೋನ್ ತೆಗೆದು ಫೋನು ಆರಿಸಿದಳು.

ಮಾಬುಬೀ ಇನ್ನು ತಡೆಯಲಿಲ್ಲ. "ಯಾಕವ್ವಾ, ಆವಾಗಿಂದ ಅಳಾಕತ್ತೀಯಲ್ಲ? ಯಾರರ ಹೋದ್ರೇನು?"

"ಹೌದಮ್ಮಾ."

"ನಿಮ್ಮವರಾ?"

"ನಮ್ಮವ್ರ. ಭರಮಜ್ಜ ಅಂತ." ಯಶೋಧರಾ ಸೂಜಿಯಿಲ್ಲದ ಕೈಯಿಂದ ಕಣ್ಣು ಒರೆಸಿಕೊಂಡಳು. "ಶುಕ್ರವಾರ ಬರ್ತಾನ."

ಮಾಬುಬೀ ಅವಳನ್ನೊಮ್ಮೆ, ಅಖ್ತರನನ್ನೊಮ್ಮೆ ನೋಡಿದಳು. ಅಖ್ತರ್ ತೂಕದ ವಹಿ ತೆರೆದು, ಶುಕ್ರವಾರದ ಪಾಳಿಯಲ್ಲಿ ಯಶೋಧರಾಳ ಹೆಸರು ಬರೆದುಕೊಂಡ.